ಮದುವೆ ಹೆಣ್ಣಿನ ರೆಪ್ಪೆಗೆ ಅಜ್ಜಿಯ ಮೇಣ

ಕೇಳ್ರಪ್ಪಾ, ಇವತ್ತು ನಂಜನಗೂಡಿನ ಛತ್ರದಲ್ಲಿ ನನ್ನ ಬ್ಯೂಟಿ ಪಾರ್ಲರ್ ಮಾನ ಹೋಗೋದರಲ್ಲಿತ್ತು! ಮದುವೆ ಹೆಣ್ಣಿಗೆ ಸೀರೆಗೊಪ್ಪೋ ಹಸಿರು ಐಶ್ಯಾಡೋ ಬೇಕಂತೆ. ಮೈಸೂರಿಂದ ತಂದ ಹೊಸ ಪ್ಯಾಲೆಟ್ ತೆಗೆದು ಹಚ್ಚಿದೆ. ಡಬ್ಬಿಯಲ್ಲಿ ಗಿಣಿಹಸಿರು, ರೆಪ್ಪೆ ಮೇಲೆ ಬೂದಿ ಬಳಿದ ಹಾಗಿದೆ. ಮೂರು ಸಲ ಹಚ್ಚಿದರೂ ಪುಡಿ ಕೆನ್ನೆಗೆ ಉದುರಿತೇ ಹೊರತು ಬಣ್ಣ ಕೂರಲಿಲ್ಲ. ಹೊರಗೆ ಮುಹೂರ್ತಕ್ಕೆ ಕೂಗ್ತಿದ್ದಾರೆ, ಹುಡುಗಿ ಅಳೋ ಹಾಗಿದ್ದಾಳೆ.

ಮೂಲೆಯಲ್ಲಿ ಅವಳಜ್ಜಿ ಕೂತಿದ್ರು. ಪಕ್ಕದ ಕಳಲೆ ಊರಿನವರು, ಹಣೇಲಿ ಕಾಸಿನಗಲ ಕುಂಕುಮ. "ಮೇಣ ಅಚ್ದೆ ಕುಂಕುಮ ನಿಂತದಾ ಮಗಾ? ಇದೂ ಪುಡಿನೇ ತಾನೇ?" ಅಂದ್ರು.

"ಅಜ್ಜಿ, ಇದು ಫಾರಿನ್ ಐಟಂ, ಸುಮ್ನಿರಿ" ಅಂದೆ.

ಅವರೆಲ್ಲಿ ಸುಮ್ನಿರ್ತಾರೆ! ಎಲೆಅಡಿಕೆ ಚೀಲದಿಂದ ಮೇಣದ ಡಬ್ಬಿ ತೆಗೆದು, ಬೆರಳ ತುದೀಲಿ ಚೂರೇ ಚೂರು ಮೊಮ್ಮಗಳ ರೆಪ್ಪೆಗೆ ಸವರಿದ್ರು. ಅದರ ಮೇಲೆ ನಾನು ಬ್ರಷ್ ಒತ್ತಿದೆ. ಗಿಣಿಯೇ ಬಂದು ಕೂತಂಗಾಯ್ತು! ಧಾರೆ ಹೊತ್ತಲ್ಲಿ ಹುಡುಗಿ ಗೊಳೋ ಅಂತ ಅತ್ತಳು. ಕಾಡಿಗೆ ಗಲ್ಲದವರೆಗೂ ಹರೀತು, ಹಸಿರು ಮಾತ್ರ ಅಲ್ಲಾಡಲಿಲ್ಲ.

"ಥ್ಯಾಂಕ್ಸ್ ಅಜ್ಜಿ" ಅಂದೆ. ಅವರು ಕಣ್ಣು ಮುಚ್ಚಿ, ಮುಖ ಮುಂದೆ ಚಾಚಿದ್ರು. "ಸುಮ್ಕೆ ಯೋಳ್ಕೊಟ್ನಾ? ನಂಗೂ ಒಸಿ ಅಚ್ಚು."

ಈಗ ಗ್ರೂಪ್ ಫೋಟೋದಲ್ಲಿ ಎರಡು ಜೊತೆ ಹಸಿರು ರೆಪ್ಪೆ ಇವೆ. ಹೆಚ್ಚು ಮಿಂಚ್ತಿರೋದು ಮದುವೆ ಹೆಣ್ಣಿನದಲ್ಲ.