ಸಾವಕ್ಕನ ಕೆನ್ನೆಯ ಹುಣ್ಣು

ಕೊಕಟನೂರಿನಲ್ಲಿ ಆಡು ಸಾಕುವ ಸಾವಕ್ಕ, ಹೆತ್ತ ಮಗಳು ಕೊಟ್ಟ ಚಹಾವನ್ನೂ ಮೂಸಿ ನೋಡಿಯೇ ಕುಡಿಯುವವಳು. ನೆರೆಮನೆಯ ಅನುಸೂಯಾ ಆಡು ಕದ್ದೊಯ್ಯುತ್ತಾಳೆಂಬ ಗುಮಾನಿಗೆ, ಕೊಟ್ಟಿಗೆಯಲ್ಲೇ ಬಿರುಕುಬಿಟ್ಟ ಮಣ್ಣಿನ ಗೋಡೆಗೆ ತಲೆಕೊಟ್ಟು ಮಲಗುತ್ತಿದ್ದಳು. ಕೆನ್ನೆಯ ಮೇಲೆ ನೋವಿಲ್ಲದ ಹುಣ್ಣೊಂದು ಎದ್ದು, ತಿಂಗಳುಗಟ್ಟಲೆ ಮಾಯದೇ ಹೋದಾಗ, "ಆಕೀನ ಮಾಟ ಮಾಡಿಸ್ಯಾಳ" ಅಂದಳು.

ಡಾಕ್ಟರು ಹುಣ್ಣು ಕೆರೆದು ಪರೀಕ್ಷೆ ಮಾಡಿಸಿದರು. "ಮಾಟ ಅಲ್ಲ ಯವ್ವಾ. ಗ್ವಾಡಿ ಬಿರುಕಿನ್ಯಾಗ ಮರಳುನೊಣ ಅಂತ ಎಳ್ಳಿಗಿಂತ ಸಣ್ಣ ಹುಳ ಇರತೈತಿ. ಅದು ಕಡದು ಲೀಶ್ಮೇನಿಯಾ ಅನ್ನೋ ಕ್ರಿಮಿ ನಿನ್ನ ಮೈಯಾಗ ಬಿಟ್ಟೈತಿ. ಔಷಧ ಕೊಡ್ತೀನಿ, ಆದ್ರ ಇನ್ನ ಕೊಟ್ಟಿಗ್ಯಾಗ ಮಲಗಬ್ಯಾಡ."

ಸಾವಕ್ಕ ಕಣ್ಣು ಕಿರಿದು ಮಾಡಿದಳು. ತಾನು ಕೊಟ್ಟಿಗೆ ಬಿಟ್ಟರೆ ಲಾಭ ಯಾರಿಗೆ?

"ಖರೇ ಹೇಳ್ರಿ ಡಾಕ್ಟರ, ಆ ಅನುಸೂಯಾ ನಿಮಗೇನಾಗಬೇಕು?"