ರಾಕ್ ಬ್ಯಾಂಡಿಗೆ ಕಟ್ಟಿದ ಕೌದಿ

ಎಪ್ಪತ್ತರ ಸುಮಾರಿಗೆ ಗೋರೆಗಾಂವ್‌ದಾಗ ನಾ ಗ್ವಾಡಿ ಕಟ್ಟೋ ಗೌಂಡಿ. ಬಾಜೂ ಗೋಡೌನಿನ್ಯಾಗ ಉದ್ದ ಕೂದಲಿನ ನಾಲ್ಕು ಮಂದಿ ರೆಕಾರ್ಡಿಂಗ್ ನಡಿಸಿದ್ರು. ಬ್ಯಾರೆ ಬ್ಯಾರೆ ಬ್ಯಾಂಡಿನ ಹುಲಿಗಳು ಕೂಡಿ ಕಟ್ಟಿದ ಹೊಸ ರಾಕ್ ಬ್ಯಾಂಡು. ರೆಕಾರ್ಡಿಂಗ್ ಮಷಿನ್ ಬಾಡಿಗಿಗೆ ಸಿಕ್ಕಿದ್ದು ಒಂದ ದಿನಕ್ಕ. ಆದ್ರ ಡ್ರಮ್ ಬಡದ್ರ ಸಪ್ಪಳ ಗ್ವಾಡಿಗೆ ಬಡದು ತಿರುಗಿ ಬಂದು ಹಾಡೆಲ್ಲಾ ಕೆಡಸ್ತಿತ್ತು.

"ಗ್ವಾಡಿಗೆ ಕೌದಿ ಕಟ್ರಿ" ಅಂದೆ.

ಡ್ರಮ್ಮಿನಂವ ನಕ್ಕ. "ಮಿಸ್ತ್ರಿ, ನಾವು ಮಲಗಾಕ ಬಂದಿಲ್ಲ."

"ನಿಮ್ಮ ಹಾಡ ಮಲಗೇತಲ್ಲೋ!"

ನಮ್ಮ ಗೌಂಡಿ ಗ್ಯಾಂಗಿನ ಮಂದಿ ಹೊದಿಯೋ ಹದಿನೆಂಟೂ ಕೌದಿ ತಂದು ನಾನ ಗ್ವಾಡಿಗೆ ಮೊಳಿ ಹೊಡದೆ. ಅಂವ ಮತ್ತ ಬಡದ. ದನಿ ಮುತ್ತಿನಂಗ ಬಂತು! ನಾಲ್ಕೂ ಮಂದಿ ನನ್ನನ್ನ ಹೆಗಲಮ್ಯಾಲ ಹೊತ್ತು ಕುಣದ್ರು.

ಆ ರೆಕಾರ್ಡು ನನ್ನ ಹತ್ರ ಐತಿ. ಅದರಾಗ ಎಲ್ಲಾರೂ ಕೇಳಸ್ತಾರ, ನಮ್ಮವ್ವ ಹೊಲಿದ ಕೌದಿ ಒಂದ ಕೇಳಸಂಗಿಲ್ಲ. ಅದಕ್ಕಂತಾರ ಕೆಲಸ.