ಮೂರನೇ ಸೀಟಿನ ಕರ್ಚೀಫು

ಅವತ್ತು ಬೆಳಿಗ್ಗೆಯೂ ಎಂದಿನಂತೆ ಬಾಗಿಲಿಗೆ ನೀರು ಹಾಕಿ, ರಂಗೋಲಿ ಎಳೆದು, ಹಾಲು ಉಕ್ಕದ ಹಾಗೆ ಒಲೆ ಮುಂದೆ ಕಾಯುತ್ತಿದ್ದೆ. ಕಲ್ಯಾಣದುರ್ಗದಿಂದ ಮೊದಲ ಬಸ್ಸಿಗೆ ತಮ್ಮ ಬಂದ, ಜೊತೆಗೆ ಅವನ ಗೆಳೆಯ. ಕಾಫಿಗೆ ಎರಡು ಲೋಟ ಸಾಕಿತ್ತು. ಕೈ ಮೂರು ಇಟ್ಟಿತು.

ಹುಡುಗರು ಹಿಂದೂಪುರಕ್ಕೆ ನನ್ನ ಮನೆಗೆ ಬಂದರೆ ಮೂವರೂ ಸೇರಿಯೇ ಬರುತ್ತಿದ್ದರು. ಮೂರನೆಯವನು ಬೆಳುಗುಪ್ಪದವನು. ಪರಿಗಿಯ ಹುಡುಗಿಯ ಜೊತೆ ಮದುವೆ ನಿಶ್ಚಯವಾಗಿತ್ತು. ಹೋದ ವರ್ಷ ಜ್ವರ ಬಂದು ತೀರಿಕೊಂಡ. ಈಗ ಅದೇ ಹುಡುಗಿಯನ್ನು ನನ್ನ ತಮ್ಮನಿಗೆ ಕೊಡುವ ಮಾತು. ಅವಳು ಒಪ್ಪಿದ್ದಳು. ಇವನಿಗೂ ಮನಸ್ಸಿತ್ತು. "ಅವನ ಜಾಗದಾಗೆ ಹೆಂಗೆ ಕೂತ್ಕೊಳ್ಳಲಿ ಅಕ್ಕಾ?" ಅನ್ನುತ್ತಿದ್ದ, ಅಷ್ಟೇ. ಇವತ್ತು ರಾತ್ರಿಯೊಳಗೆ ಏನಾದರೊಂದು ಹೇಳಿ ಎಂದು ಅವಳ ತಂದೆ ಫೋನ್ ಮಾಡಿದ್ದರು.

ಒಂದು ಸಲ ಇಬ್ಬರೂ ಜೊತೆಗೆ ಕೂರಲಿ ಎಂದು ನಾನೇ ಅವಳನ್ನೂ ಮಾರ್ನಿಂಗ್ ಶೋಗೆ ಕರೆದಿದ್ದೆ. ತೆಲುಗು ಕಾಮಿಡಿ. ಮದುವೆ ಅಂದರೆ ಬೆವರುವ ಮೂವರು ಗೆಳೆಯರ ಕಥೆ.

ಗೆಳೆಯ ಸತ್ತ ಮೇಲೂ ಇವರು ಸಿನಿಮಾಕ್ಕೆ ಒಂದು ಟಿಕೆಟ್ ಹೆಚ್ಚಿಗೆ ಕೊಳ್ಳುತ್ತಿದ್ದರು. ಆ ಸೀಟಿನ ಮೇಲೆ ಅವನ ನೀಲಿ ಚೌಕಳಿ ಕರ್ಚೀಫು. ಆಸ್ಪತ್ರೆಯಿಂದ ತಂದದ್ದು, ಒಗೆದಿರಲೇ ಇಲ್ಲ. ಅವತ್ತೂ ತಮ್ಮ ತನಗೂ ಹುಡುಗಿಗೂ ನಡುವಿನ ಸೀಟಿಗೆ ಅದನ್ನು ಹಾಸಿದ. ಅವಳ ಪಕ್ಕ ನಾನು.

ಹಿಂದಿನಿಂದ ಯಾರೋ, "ಇಕ್ಕಡ ಎವರೈನಾ ವಸ್ತಾರಾ?" ಎಂದು ಆ ಸೀಟಿಗೆ ಯಾರಾದರೂ ಬರುತ್ತಾರಾ ಅಂತ ತೆಲುಗಿನಲ್ಲಿ ಕೇಳಿದರು.

"ವಸ್ತಾಡು, ಬರ್ತಾನೆ," ಅಂದ ತಮ್ಮ. ಹುಡುಗಿ ತಿರುಗಿ ನೋಡಿದಳು.

ತೆರೆಯ ಮೇಲೆ ಹೀರೊ ಮಂಟಪದಿಂದ ಓಡಿ ಗೆಳೆಯರ ಬೆನ್ನ ಹಿಂದೆ ಅಡಗಿದ. ಥಿಯೇಟರೆಲ್ಲ ನಗು. "ಅವನೇ ವಾಸಿ ಕಣ್ಲಾ, ಹೆದರಿಕೇನ ಬಾಯ್ಬಿಟ್ಟು ಹೇಳ್ತಾನೆ," ಎಂದು ಗೆಳೆಯ ಇವನ ತೊಡೆಗೆ ಗುದ್ದಿದ. ತಮ್ಮನೂ ನಕ್ಕುಬಿಟ್ಟ. ನಗು ಬಂದರೆ ಪಕ್ಕದವನ ಅಂಗೈಗೆ ಹೊಡೆಯುವುದು ಅವರ ಅಭ್ಯಾಸ. ಇವನ ಕೈ ಖಾಲಿ ಸೀಟಿನ ಕಡೆ ಎದ್ದು ಅಲ್ಲೇ ನಿಂತಿತು. ಇಳಿಸುವುದು ಹೇಗೆಂದು ತಿಳಿಯದವನ ಹಾಗೆ.

ಹುಡುಗಿ ಕರ್ಚೀಫು ಎತ್ತಿ, ನಾಲ್ಕಾಗಿ ಮಡಿಸಿ, ಆ ಸೀಟಿನಲ್ಲಿ ಕೂತಳು. "ಅವರು ಬರಲಿ ಅಂತ ನಂಗೂ ಆಸೆನೇ," ಅಂದಳು ಮೆಲ್ಲಗೆ. "ಬರಲ್ಲ." ಕರ್ಚೀಫನ್ನು ನನ್ನ ತಮ್ಮನ ಕೈಗಿಟ್ಟಳು. ಸಿನಿಮಾ ಮುಗಿಯುವವರೆಗೂ ಅವನು ಮುಷ್ಟಿ ಬಿಚ್ಚಲಿಲ್ಲ.

ಸಂಜೆ ನಾನು ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಾಗ ತಮ್ಮ ಬಂದು ನಿಂತ. "ಅಕ್ಕಾ, ಇದನ್ನ ಒಗೆದ್ಬುಡು. ಅವರಪ್ಪಂಗೆ ನಾನೇ ಫೋನ್ ಮಾಡ್ತೀನಿ."

ಕರ್ಚೀಫಿನಲ್ಲಿ ಇನ್ನೂ ತಲೆಗೆ ಹಚ್ಚುವ ಎಣ್ಣೆಯ ವಾಸನೆ. ಕಾನ್ವೆಂಟಿನಲ್ಲಿ ಸಿಸ್ಟರ್ ಬಟ್ಟೆಯಂಚು ಮಡಿಸಿ ಹೊಲಿಯುವ ಹೆಮ್ಮಿಂಗ್ ಕಲಿಸಿದಾಗಿನಿಂದ ನನ್ನ ಕಣ್ಣು ಮೊದಲು ಹೋಗುವುದು ಅಂಚಿಗೆ. ಒಂದು ಮೂಲೆಯ ದಾರ ಹಲ್ಲಿನಿಂದ ಕಚ್ಚಿ ಎಳೆದಂತಿತ್ತು. ಆಸ್ಪತ್ರೆಯಲ್ಲಿ ಏನು ಯೋಚಿಸುತ್ತ ಕಚ್ಚಿದ್ದನೋ ಆ ಹುಡುಗ. ಸೋಪು ಹಚ್ಚಲು ಸ್ವಲ್ಪ ಹೊತ್ತು ಕೈ ಬರಲಿಲ್ಲ. ಆಮೇಲೆ ಹಚ್ಚಿದೆ. ಒಳಗೆ ತಮ್ಮ ಫೋನಿನಲ್ಲಿ, "ಹೂಂ ಮಾವಾ, ಒಪ್ಗೆ," ಅನ್ನುತ್ತಿದ್ದ.

ತಂತಿಯ ಮೇಲೆ ಹರವುತ್ತಿದ್ದಾಗ ಪಕ್ಕದ ಮನೆಯಾಕೆ ಗೋಡೆ ಮೇಲಿಂದ ಇಣುಕಿದರು.

"ಯಾರ ಕರ್ಚೀಫಮ್ಮಾ ಅದು? ಕ್ಲಿಪ್ ಹಾಕು, ಗಾಳಿ ಜೋರೈತೆ. ಹಾರೋದ್ರೆ ಆಮೇಲೆ ಸಿಗಕ್ಕಿಲ್ಲ ಕಣಮ್ಮಾ."